ಥೈರಾಯ್ಡ್ ಮಾತ್ರೆ ಲಿವರಿನ ಕೊಬ್ಬಿಗೆ ಮದ್ದೇ?

ಆರೋಗ್ಯ ಶಿಬಿರಗಳಲ್ಲಿ ಸ್ಕ್ಯಾನಿಂಗ್ ಮಾಡಿಸಿದ ನಮ್ಮಲ್ಲಿ ಕೆಲವರಿಗೆ 'ಫ್ಯಾಟಿ ಲಿವರ್' ಎಂಬ ವರದಿ ಸಿಗುತ್ತದೆ. ಥೈರಾಯ್ಡ್ ಮಾತ್ರೆಯಿಂದ ಕೊಬ್ಬು ಕರಗುತ್ತದಂತೆ, ಮನೆಯಲ್ಲಿರುವ ಮಾತ್ರೆಯನ್ನೇ ತೆಗೆದುಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಆದರೆ ಈ ಪ್ರಶ್ನೆಯಲ್ಲಿ ಸ್ವಲ್ಪ ಸತ್ಯಾಂಶವೂ ಇರುವುದರಿಂದ ವಿವರಿಸಬೇಕಾಗಿದೆ.

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮುಖ್ಯವಾಗಿ ಸ್ರವಿಸುವ ಟಿ4 ಹಾರ್ಮೋನಿನಲ್ಲಿ ಅಯೋಡಿನ್‌ನ 4 ಪರಮಾಣುಗಳಿವೆ. ಒಂದು ಕಳಚಿದರೆ ಟಿ3, ಎರಡು ಕಳಚಿದರೆ ಟಿ2. ಲಿವರಿನಲ್ಲಿ ಕೊಬ್ಬು ಉರಿಯುವ ಕೆಲಸವನ್ನು ಟಿ3 ಚುರುಕುಗೊಳಿಸುವುದು ನಿಜ. ಆದರೆ ಅದು ಹೃದಯಕ್ಕೂ ಎಲುಬಿಗೂ ಹೋಗುತ್ತದೆ. ಹೆಚ್ಚಾದರೆ ಎದೆಬಡಿತ ತಾಳ ತಪ್ಪಬಹುದು, ಎಲುಬು ಸವೆಯಬಹುದು.

2005ರಲ್ಲಿ ಇಟಲಿಯ ವಿಜ್ಞಾನಿಗಳು ಹೆಚ್ಚು ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಿಗೆ ಟಿ2 ಕೊಟ್ಟು ನೋಡಿದರು. ಅದೇ ಆಹಾರ ತಿಂದರೂ ಅವುಗಳ ತೂಕ ಅಷ್ಟೊಂದು ಏರಲಿಲ್ಲ, ಲಿವರಿನಲ್ಲಿ ಕೊಬ್ಬು ಕಡಿಮೆಯಾಯಿತು, ಎದೆಬಡಿತವೂ ಹೆಚ್ಚಲಿಲ್ಲ. ತೂಕ ಇಳಿಸುವ ಹೆಸರಿನಲ್ಲಿ ಟಿ2 ಮಾತ್ರೆಗಳು ಅಂತರ್ಜಾಲದಲ್ಲಿ ಮಾರಾಟಕ್ಕೂ ಬಂದವು! ಆದರೆ 2015ರ ಇನ್ನೊಂದು ಅಧ್ಯಯನದಲ್ಲಿ, ಹೆಚ್ಚಿನ ಪ್ರಮಾಣದ ಟಿ2 ಸುಂಡಿಲಿಗಳ ಸ್ವಂತ ಥೈರಾಯ್ಡಿನ ಕೆಲಸವನ್ನೇ ಕುಗ್ಗಿಸಿತು.

ಈ ಹಾರ್ಮೋನಿಗೆ ಜೀವಕೋಶಗಳಲ್ಲಿ ಎರಡು ಬಗೆಯ ಬಾಗಿಲುಗಳಿವೆ ಎನ್ನೋಣ. ಹೃದಯ, ಎಲುಬಿನಲ್ಲಿ ಆಲ್ಫಾ ಹೆಚ್ಚು, ಲಿವರಿನಲ್ಲಿ ಬೀಟಾ. ಬೀಟಾ ಬಾಗಿಲನ್ನಷ್ಟೇ ತಟ್ಟುವ ಮದ್ದಿನ ಹುಡುಕಾಟ ಸುಲಭವಾಗಿರಲಿಲ್ಲ. ಕೊಲೆಸ್ಟರಾಲ್ ಇಳಿಸಲು ತಯಾರಿಸಿದ ಎಪ್ರೊಟಿರೋಮ್ ಎಂಬ ಇಂತಹ ಮದ್ದಿನಿಂದ ನಾಯಿಗಳ ಮೃದ್ವಸ್ಥಿಗೆ ಹಾನಿಯಾದದ್ದು ಕಂಡು 2012ರಲ್ಲಿ ಪ್ರಯೋಗವನ್ನೇ ನಿಲ್ಲಿಸಲಾಯಿತು.

ಕೊನೆಗೆ 2024ರ ಮಾರ್ಚ್ 14ರಂದು ರೆಸ್ಮೆಟಿರೋಮ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. 966 ಮಂದಿಯ ಪರೀಕ್ಷೆಯಲ್ಲಿ, ವರ್ಷದ ಕೊನೆಗೆ, ದಿನಕ್ಕೆ 100 ಮಿಲಿಗ್ರಾಂ ಸೇವಿಸಿದ ನೂರರಲ್ಲಿ ಸುಮಾರು 30 ಮಂದಿಯ ಲಿವರ್ ಉರಿಯೂತ ಶಮನವಾಗಿತ್ತು. ಮದ್ದಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಇದು ಸುಮಾರು 10. ಒಳ್ಳೆಯ ಫಲವೇ, ಆದರೆ ಉಳಿದ 70 ಮಂದಿಯನ್ನು ಮರೆಯುವಂತಿಲ್ಲ. ಅಲ್ಲದೆ ಅನುಮತಿ ಇರುವುದು ಉರಿಯೂತದಿಂದ ಲಿವರಿನಲ್ಲಿ ಸಾಕಷ್ಟು ಕಲೆಗಟ್ಟಿ, ಇನ್ನೂ ಸಿರೋಸಿಸ್‌ಗೆ ತಲುಪದವರಿಗೆ ಮಾತ್ರ. ಅದೂ ಪಥ್ಯ, ವ್ಯಾಯಾಮದ ಜೊತೆಗೆ.

ಶಿಬಿರದ ವರದಿಯಲ್ಲಿ 'ಗ್ರೇಡ್ 1' ಎಂದಿರುವವರು ಇದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತೂಕ ಹೆಚ್ಚಿರುವವರು ಅದರಲ್ಲಿ ಶೇಕಡಾ 7ರಿಂದ 10ರಷ್ಟು ಇಳಿಸಿದರೆ, ಅಂದರೆ 80 ಕಿಲೋ ಇರುವವರು 6ರಿಂದ 8 ಕಿಲೋ, ಲಿವರಿನ ಕೊಬ್ಬೂ ಉರಿಯೂತವೂ ಕಡಿಮೆಯಾಗುತ್ತದೆ. ಕರಿದದ್ದು, ಸಿಹಿ ಪಾನೀಯ, ಮದ್ಯ ಬಿಡಬೇಕು. ಥೈರಾಯ್ಡ್ ಕೊರತೆಗಾಗಿ ವೈದ್ಯರು ಮಾತ್ರೆ ಬರೆದುಕೊಟ್ಟಿರುವವರು ಇದನ್ನು ಓದಿ ಅದನ್ನು ನಿಲ್ಲಿಸಬಾರದು. ಪಕ್ಕದ ಮನೆಯವರಿಗೆ ಕೊಡಲೂಬಾರದು.