ಪ್ರತಿಜ್ಞೆಯೂ ತಾಳ್ಮೆಯೂ: ವಿವಾಹದ ಒಡಂಬಡಿಕೆಯನ್ನು ಬೋಧಿಸುವ ಬಗೆ

ವಿವಾಹಾರಾಧನೆಯಲ್ಲಿ ವಧೂವರರು ಕೈಹಿಡಿದು ನುಡಿಯುವ ಪ್ರತಿಜ್ಞೆಯನ್ನು ಸಭಾಪಾಲಕರಾದ ನಾವು ಎಷ್ಟೋ ಬಾರಿ ಹೇಳಿಕೊಟ್ಟಿದ್ದೇವೆ. ಆ ಮಾತುಗಳ ರಚನೆಯನ್ನು ನಿಂತು ನೋಡಿದ್ದು ಕಡಿಮೆ. ಅಲ್ಲಿ ಇಂದಿನ ಮನಸ್ಥಿತಿಯ ವರ್ಣನೆಯಿಲ್ಲ. ಇರುವುದೆಲ್ಲ ಬರಲಿರುವ ದಿನಗಳ ವಾಗ್ದಾನ. ಐಶ್ವರ್ಯದೊಡನೆ ಬಡತನವನ್ನೂ ಆರೋಗ್ಯದೊಡನೆ ರೋಗವನ್ನೂ ಅದು ಮುಂಚಿತವಾಗಿಯೇ ಹೆಸರಿಸುತ್ತದೆ. ಇನ್ನೊಂದು ಸಂಗತಿಯೂ ಉಂಟು. ಪ್ರತಿಯೊಬ್ಬರೂ ತಮ್ಮ ಪರವಾಗಿ ಮಾತ್ರ ಮಾತು ಕೊಡುತ್ತಾರೆ. ನುಡಿದವರನ್ನು ಕಟ್ಟಿಹಾಕುವ ಈ ಮಾತನ್ನು ಎದುರಿಗಿರುವವರನ್ನು ಕಟ್ಟುವ ಹಗ್ಗವನ್ನಾಗಿ ಮಾಡಿದಾಗಲೇ ನಮ್ಮ ಬೋಧನೆ ದಾರಿ ತಪ್ಪುತ್ತದೆ.

ವಿವಾಹವನ್ನು ಒಡಂಬಡಿಕೆಯೆಂದು ಕರೆಯುವುದಕ್ಕೆ ನಮಗಿರುವ ಮುಖ್ಯ ಆಧಾರಗಳಲ್ಲಿ ಮಲಾಕಿಯನ ಎರಡನೆಯ ಅಧ್ಯಾಯವೂ ಒಂದು. ಅಲ್ಲಿ ದೇವರು ಪತಿಪತ್ನಿಯರ ನಡುವಣ ಸಾಕ್ಷಿ. ಯೌವನದಲ್ಲಿ ವರಿಸಿದ ಪತ್ನಿಗೆ ದ್ರೋಹ ಬಗೆದವನ ಕಾಣಿಕೆಯನ್ನು ಆತನು ಸ್ವೀಕರಿಸುವುದಿಲ್ಲ. ಭಕ್ತಿಗೂ ಮನೆಯ ನಡತೆಗೂ ನಡುವೆ ಗೋಡೆಯಿಲ್ಲವೆಂಬುದು ಪ್ರವಾದಿಯ ವಾದ. ಹದಿನಾರನೆಯ ವಚನವನ್ನು ವಿಚ್ಛೇದನದ ವಿರುದ್ಧ ನಾವು ಧಾರಾಳವಾಗಿ ಬಳಸುತ್ತೇವೆ. ಅದರ ಮೊದಲ ಭಾಗದ ಹೀಬ್ರೂ ಪಾಠ ಕ್ಲಿಷ್ಟವಾದುದು. 'ದ್ವೇಷಿಸುವವನು' ದೇವರೋ ಪತ್ನಿಯನ್ನು ಬಿಡುವ ಗಂಡನೋ ಎಂಬುದರಲ್ಲಿ ಅನುವಾದಕರಿಗೆ ಒಮ್ಮತವಿಲ್ಲ. ಆದರೆ ಅದೇ ವಚನ ತನ್ನ ವಸ್ತ್ರವನ್ನು ಹಿಂಸೆಯಿಂದ ಮುಚ್ಚಿಕೊಳ್ಳುವವನನ್ನೂ ಖಂಡಿಸುತ್ತದೆ. ಅಲ್ಲಿರುವ 'ಹಾಮಾಸ್' ಎಂಬ ಪದವೇ ಆದಿಕಾಂಡದಲ್ಲಿ ಜಲಪ್ರಳಯಕ್ಕೆ ಕಾರಣವಾದ ಹಿಂಸೆಗೂ ಬಳಕೆಯಾಗಿದೆ. ವಚನದ ಅರ್ಧವನ್ನು ಬೋಧಿಸಿ ಉಳಿದರ್ಧವನ್ನು ಮೌನದಲ್ಲಿ ದಾಟುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯಕ್ಕೂ ಇದೇ ಗತಿ. ಪತ್ನಿಯರ ಅಧೀನತೆಯನ್ನು ಹೇಳುವ 22ನೆಯ ವಚನದಲ್ಲಿ ಅತಿ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳು ಕ್ರಿಯಾಪದವನ್ನೇ ಕೊಡುವುದಿಲ್ಲ. ಪರಸ್ಪರ ಅಧೀನರಾಗಿರಿ ಎನ್ನುವ 21ನೆಯ ವಚನದಿಂದಲೇ ಅದನ್ನು ಎರವಲು ಪಡೆಯಬೇಕು. ಆದ್ದರಿಂದ ಪಾಠವನ್ನು 22ರಿಂದ ಆರಂಭಿಸುವವರು ವಾಕ್ಯವನ್ನು ನಡುವಿನಲ್ಲೇ ತುಂಡರಿಸುತ್ತಾರೆ. ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟಂತೆ ಪ್ರೀತಿಸಬೇಕೆಂಬ ಭಾರವಾದ ಆಜ್ಞೆ ಬಿದ್ದಿರುವುದು ಗಂಡನ ಹೆಗಲ ಮೇಲೆ.

ಮತ್ತಾಯನ ಹತ್ತೊಂಬತ್ತನೆಯ ಅಧ್ಯಾಯದ ಚರ್ಚೆಗೂ ಹಿನ್ನೆಲೆಯಿದೆ. ಯಾವ ಕಾರಣಕ್ಕೆ ಹೆಂಡತಿಯನ್ನು ಬಿಡಬಹುದೆಂದು ಶಮ್ಮಾಯ್ ಮತ್ತು ಹಿಲ್ಲೇಲ್ ಪಂಥಗಳು ವಾದಿಸುತ್ತಿದ್ದವು. ಅಡುಗೆ ಕೆಡಿಸಿದರೂ ಸಾಕೆಂಬ ಹಿಲ್ಲೇಲ್ ಪಂಥದ ಅಭಿಪ್ರಾಯವನ್ನು ಮಿಶ್ನಾ ದಾಖಲಿಸಿದೆ. ಯೇಸುವಿನ ಕಟ್ಟುನಿಟ್ಟಾದ ಉತ್ತರವನ್ನು ಈ ಹಿನ್ನೆಲೆಯಲ್ಲಿ ಓದಿದರೆ, ಅದು ಗಂಡನ ಇಚ್ಛೆಯಂತೆ ಬೀದಿಗೆ ಬೀಳಬಹುದಾಗಿದ್ದ ಹೆಣ್ಣಿಗೆ ಆಸರೆಯಾಗಿ ಕಾಣುತ್ತದೆ. ಆಕೆಯ ರಕ್ಷಣೆಗೆ ನಿಂತ ಮಾತಿನಿಂದಲೇ ಆಕೆಯನ್ನು ಅಪಾಯದಲ್ಲಿ ಕೂಡಿಹಾಕುವುದು ಎಂಥ ವ್ಯಾಖ್ಯಾನ?

ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಪೆಟ್ಟು ತಿಂದು ಸಭಾಪಾಲಕರ ಮನೆಯ ಬಾಗಿಲಿಗೆ ಬಂದವಳಿಗೆ, "ತಾಳಿಕೊಳ್ಳಮ್ಮಾ, ಇದು ನಿನ್ನ ಶಿಲುಬೆ, ಪ್ರಾರ್ಥನೆ ಮಾಡು" ಎಂದು ಹೇಳಿ ನಾವು ಹಿಂದಕ್ಕೆ ಕಳುಹಿಸಿದ್ದುಂಟು. ಆಕೆ ಮರುವಾರ ಸೆರಗು ಹೊದ್ದು ಹಿಂದಿನ ಬೆಂಚಿನಲ್ಲಿ ಕುಳಿತದ್ದನ್ನು ಕಂಡು, ಸಂಸಾರ ಉಳಿಯಿತೆಂದು ಸಮಾಧಾನಪಟ್ಟದ್ದೂ ಉಂಟು. ಕಾನೂನೂ ಬಹುಕಾಲ ಹೀಗೆಯೇ ನಡೆದುಕೊಂಡಿತು. 1869ರ ವಿಚ್ಛೇದನ ಕಾಯಿದೆಯಡಿ ಕ್ರೈಸ್ತ ಪತಿಗೆ ಪತ್ನಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಪತ್ನಿಗೆ ಕ್ರೌರ್ಯವೊಂದೇ ಸಾಲುತ್ತಿರಲಿಲ್ಲ, ಅದರೊಡನೆ ವ್ಯಭಿಚಾರವನ್ನೂ ರುಜುಪಡಿಸಬೇಕಿತ್ತು. ಈ ಅಸಮಾನತೆ ತೊಲಗಿದ್ದು 2001ರ ತಿದ್ದುಪಡಿಯಿಂದ.

ಹಾಗಾದರೆ ತಾಳ್ಮೆಗೆ ಬೆಲೆಯಿಲ್ಲವೇ? ಇದೆ. ಪಾರ್ಶ್ವವಾಯುವಿನಿಂದ ಮಲಗಿದ ಹೆಂಡತಿಗೆ ವರ್ಷಗಟ್ಟಲೆ ಗಂಜಿ ಕುಡಿಸುವ ಗಂಡ, ಕೆಲಸ ಕಳೆದುಕೊಂಡ ಗಂಡನೊಡನೆ ಸಾಲದ ದಿನಗಳನ್ನು ಕಳೆಯುವ ಹೆಂಡತಿ — ಇವರನ್ನು ನಮ್ಮ ಸಭೆಗಳಲ್ಲಿ ಕಂಡಿದ್ದೇವೆ. ಹೀಬ್ರೂ ಬೈಬಲಿನ 'ಹೆಸೆದ್' ಎಂಬ ಪದದ ಅರ್ಥವನ್ನು ನಿಘಂಟಿಗಿಂತ ಚೆನ್ನಾಗಿ ಕಲಿಸಿದವರು ಇವರೇ. ರೋಗವಾಗಲಿ ಬಡತನವಾಗಲಿ ಇಬ್ಬರ ಮೇಲೂ ಹೊರಗಿನಿಂದ ಬಂದೆರಗುವ ಸಂಕಟ. ಅದನ್ನು ಇಬ್ಬರೂ ಕೂಡಿ ಹೊರುವರೆಂದೇ ಪ್ರತಿಜ್ಞೆ. ಹೊಡೆತ ಅಂಥದ್ದಲ್ಲ. ಅದು ಒಬ್ಬರು ತಮ್ಮ ಕೈಯಾರೆ ಪ್ರತಿಜ್ಞೆಯನ್ನು ಮುರಿಯುವ ಕೃತ್ಯ. ಮುರಿದವನನ್ನು ಪಶ್ಚಾತ್ತಾಪಕ್ಕೆ ಕರೆಯಬೇಕಾದ ಸಭೆ, ಗಾಯಗೊಂಡವಳಿಗೆ ನಿಷ್ಠೆಯನ್ನು ಉಪದೇಶಿಸುವುದು ತಲೆಕೆಳಗಾದ ಪಾಲನೆ. 1 ಕೊರಿಂಥ 7ರಲ್ಲಿ ಪೌಲನು ಪತಿಯ ದೇಹದ ಮೇಲೆ ಪತ್ನಿಗೂ ಸಮಾನ ಅಧಿಕಾರ ಕೊಡುತ್ತಾನೆ. ಅವಿಶ್ವಾಸಿಯು ಅಗಲಿಹೋಗುವ ಸಂದರ್ಭದ ಕುರಿತು ಬರೆಯುವಾಗ, ದೇವರು ನಮ್ಮನ್ನು ಸಮಾಧಾನಕ್ಕೆ ಕರೆದಿದ್ದಾನೆಂದು ನೆನಪಿಸುತ್ತಾನೆ.

ವಿವಾಹಪೂರ್ವ ತರಗತಿಗಳಲ್ಲಿ ಹಾಲು ಕಾಯ್ದಿರಿಸುವುದರಿಂದ ಫೋಟೋದವರು ನಿಲ್ಲುವ ಜಾಗದವರೆಗೆ ಎಲ್ಲವೂ ಚರ್ಚೆಯಾಗುತ್ತವೆ. ಪ್ರತಿಜ್ಞೆಗೆ ಸಿಗುವುದು ಕೊನೆಯ ಐದು ನಿಮಿಷ. ಅದನ್ನೇ ಮೊದಲಿಗೆ ತಂದು, ವರನಿಗೂ ವಧುವಿಗೂ ಬೇರೆಬೇರೆಯಾಗಿ ಓದಿಸಿ, "ಇದರಲ್ಲಿ ನೀವು ಕೊಡುತ್ತಿರುವುದು ಏನು?" ಎಂದು ಕೇಳಿ ನೋಡಬೇಕು. ಆ ಭೇಟಿಯಲ್ಲೇ, ಮನೆಯಲ್ಲಿ ಭಯ ಹುಟ್ಟಿದ ದಿನ ಯಾವ ಹೊತ್ತಿನಲ್ಲಾದರೂ ಬಂದು ಹೇಳಬಹುದೆಂದು ಇಬ್ಬರಿಗೂ ತಿಳಿಸಿ, ನಮ್ಮ ಫೋನ್ ಸಂಖ್ಯೆಯ ಜೊತೆಗೆ ನಂಬಿಕಸ್ಥಳಾದ ಒಬ್ಬ ಸಭಾಹಿರಿಯಳ ಸಂಖ್ಯೆಯನ್ನೂ ಬರೆದುಕೊಡಬೇಕು.