ಆನ್‌ಲೈನಿನಲ್ಲಿ ತುಪ್ಪ ಮಾರುವಾಗ ಬೆಲೆ ನಿಮ್ಮ ಕೈಯಲ್ಲಿರಲಿ



ಸಂಘಕ್ಕೆ ಹಾಕುವ ಹಾಲಿಗೆ ಫ್ಯಾಟ್, ಎಸ್‌ಎನ್‌ಎಫ್ ನೋಡಿ ಒಕ್ಕೂಟದ ದರಪಟ್ಟಿಯಂತೆ ಹಣ ಬರುತ್ತದೆ. ಆ ದರ ನೀವೊಬ್ಬರೇ ಬರೆಯುವಂಥದ್ದಲ್ಲ. ಆದರೆ ಮನೆಗೆಂದು ಉಳಿಸಿಕೊಂಡ ಹಾಲಿನಲ್ಲಿ ತುಪ್ಪ ಕಾಯಿಸಿ, ಸ್ತ್ರೀಶಕ್ತಿ ಗುಂಪಿನ ಹೆಸರಿನಲ್ಲಿ ಆನ್‌ಲೈನ್ ಮಾರುಕಟ್ಟೆಗೆ ಹಾಕಿದರೆ ಅಲ್ಲಿ ಬೆಲೆ ಬರೆಯುವವರು ನೀವೇ. ‘ಕಂಪನಿಯವರು ಹಾಕಿದ ರೇಟು’ ಎಂದು ಸುಮ್ಮನಾಗಬೇಡಿ.

ಮೊದಲು, ಯಾವ ಬಗೆಯಲ್ಲಿ ಮಾರುತ್ತಿದ್ದೀರಿ ಎಂದು ನೋಡಿಕೊಳ್ಳಿ. ತಾಣದವರೇ ನಿಮ್ಮಿಂದ ಸಗಟಾಗಿ ಕೊಂಡರೆ ಮಾಲು ಅವರದು. ಆಗ ನೀವು ಗಟ್ಟಿ ಮಾಡಿಕೊಳ್ಳಬೇಕಾದದ್ದು ಖರೀದಿ ದರ ಮಾತ್ರ. ನಿಮ್ಮ ಹೆಸರಿನಲ್ಲೇ ಮಾರಾಟಗಾರರ ಖಾತೆ ತೆರೆದಿದ್ದರೆ ಆ ತಾಣ ಬರೀ ಸಂತೆ ಮಾಳ ಇದ್ದಂತೆ. ಸುಂಕ ಕೇಳಬಹುದು, ಬೆಲೆ ಕಟ್ಟುವಂತಿಲ್ಲ. ವಿದೇಶಿ ಬಂಡವಾಳವಿರುವ ಇಂಥ ತಾಣಗಳು ಮಾರಾಟ ಬೆಲೆಯ ಮೇಲೆ ನೇರವಾಗಿ ಅಥವಾ ಪರೋಕ್ಷವಾಗಿ ಪ್ರಭಾವ ಬೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ 2016ರಿಂದ ಜಾರಿಯಲ್ಲಿದೆ.

ಹಾಗಾದರೆ ಬೆಲೆ ಕೈತಪ್ಪುವುದೆಲ್ಲಿ? ಹೆಚ್ಚಾಗಿ ನಾವೇ ಕೊಡುವ ಒಪ್ಪಿಗೆಯಲ್ಲಿ. ‘ಹಬ್ಬದ ಆಫರಿಗೆ ಸೇರಿಕೊಳ್ಳಿ’ ಎಂಬ ಮೆಸೇಜು ಬರುತ್ತದೆ. ಇಂಗ್ಲಿಷಿನಲ್ಲಿದೆ ಎಂದು ಓದದೆ ಒತ್ತಿಬಿಡುತ್ತೇವೆ. ಆ ರಿಯಾಯಿತಿ ಯಾರ ಗಂಟಿನಿಂದ ಹೋಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಲೆಕ್ಕ ಹಾಕಿ ನೋಡೋಣ. 3.5 ಫ್ಯಾಟಿನ ಹಾಲಾದರೆ ಅರ್ಧ ಕೆ.ಜಿ. ತುಪ್ಪಕ್ಕೆ ಸುಮಾರು 15 ಲೀಟರ್ ಬೇಕು. ಲೀಟರಿಗೆ 35 ರೂ. ಹಿಡಿದರೆ ಹಾಲಿನದೇ 525 ರೂ. (ಮಜ್ಜಿಗೆ ಮನೆಗೆ ಉಳಿಯುತ್ತದೆ, ಅದನ್ನು ಬಿಡಿ.) ಬಾಟಲಿ, ಡಬ್ಬಕ್ಕೆ 40 ರೂ. ತೆರಿಗೆ ಸೇರಿ 900 ರೂ.ಗೆ ಮಾರಿದಿರಿ ಎನ್ನಿ. ತುಪ್ಪದ ಮೇಲಿನ 5% ಜಿಎಸ್‌ಟಿ 43 ರೂ., ಕಮಿಷನ್ 10% ಎಂದರೆ 90 ರೂ., ಸಾಗಣೆ 85 ರೂ., ಈ ಎರಡು ಶುಲ್ಕಗಳ ಮೇಲೆ 18% ಜಿಎಸ್‌ಟಿ 32 ರೂ. ಎಲ್ಲ ಕಳೆದು ಕೈಗೆ 650 ರೂ. ಹಾಲು, ಬಾಟಲಿ ತೆಗೆದರೆ ಸೌದೆಗೂ ನಿಮ್ಮ ಕೂಲಿಗೂ ಉಳಿಯುವುದು 85 ರೂ. ಕಮಿಷನ್, ಸಾಗಣೆ ತಾಣದಿಂದ ತಾಣಕ್ಕೆ ಬೇರೆ. ನಿಮ್ಮ ತಾಣದ ಅಂಕಿ ಹಾಕಿಕೊಳ್ಳಿ.

ಈಗ 20% ರಿಯಾಯಿತಿಗೆ ಒಪ್ಪಿದಿರಿ. ಬೆಲೆ 720 ರೂ. ಆಯಿತು. ಸಾಗಣೆ ಮಾತ್ರ ಅಷ್ಟೇ! ಕೈಗೆ ಬರುವುದು ಸುಮಾರು 501 ರೂ. ಹಾಲಿನ ಕಾಸೂ ಹುಟ್ಟಲಿಲ್ಲ. ಈ ಲೆಕ್ಕದಲ್ಲಿ 800 ರೂ.ಗಿಂತ ಕೆಳಗಿಳಿದರೆ ಪ್ರತಿ ಬಾಟಲಿಗೂ ನಷ್ಟ. ಆರ್ಡರು ಹೆಚ್ಚಿದಷ್ಟೂ ನಷ್ಟ ಹೆಚ್ಚು. ಆರ್ಡರು ಬಂತೆಂದು ಹಿಗ್ಗುವ ಮುನ್ನ ಇದನ್ನು ನೆನೆಯಿರಿ.

ಆದ್ದರಿಂದ ನಿಮ್ಮ ಕನಿಷ್ಠ ಬೆಲೆಯನ್ನು ಗುಂಪಿನ ಪುಸ್ತಕದಲ್ಲಿ ಬರೆದಿಡಿ. ಪೈಪೋಟಿ ನೋಡಿ ಬೆಲೆಯನ್ನು ತಾನಾಗಿ ಇಳಿಸುವ ಸೌಲಭ್ಯ ಕೆಲವು ತಾಣಗಳಲ್ಲಿದೆ. ಬೇಡವಾದರೆ ಬಂದ್ ಮಾಡಿ, ಬೇಕಾದರೆ ಕನಿಷ್ಠ ಬೆಲೆಯ ಜಾಗದಲ್ಲಿ ಆ ಅಂಕಿ ತುಂಬಿ. ಡಬ್ಬದ ಮೇಲೆ ಮುದ್ರಿಸುವ ಎಂಆರ್‌ಪಿ ಮೀರಿ ನೀವೂ ಮಾರುವಂತಿಲ್ಲ. ಊರಿನ ಬೆಲೆಯನ್ನೇ ಅಚ್ಚು ಹಾಕಿಸಿದರೆ ಕಮಿಷನ್, ಸಾಗಣೆಗೆ ಜಾಗವೇ ಇರದು. ಹಾಗೆಂದು ದುಪ್ಪಟ್ಟು ಬರೆದು ‘ಅರ್ಧ ಬೆಲೆ’ ಎಂದು ಕೂಗುವುದು ನಮಗೆ ಒಪ್ಪುವ ವ್ಯಾಪಾರವಲ್ಲ.

ಖಾತೆ ನೋಡಿಕೊಳ್ಳಲು ಪೇಟೆಯ ಯಾರನ್ನಾದರೂ ಇಟ್ಟುಕೊಂಡಿದ್ದರೆ ಪಾಸ್‌ವರ್ಡ್, ಓಟಿಪಿ ಬರುವ ಮೊಬೈಲ್ ಗುಂಪಿನ ಪ್ರತಿನಿಧಿಯ ಬಳಿಯೇ ಇರಲಿ. ವಾರಕ್ಕೊಮ್ಮೆ ಗ್ರಾಹಕರಂತೆ ನಿಮ್ಮ ತುಪ್ಪ ಹುಡುಕಿ, ಅಲ್ಲಿ ಕಾಣುವ ಬೆಲೆಯನ್ನು ಪುಸ್ತಕದ ಬೆಲೆಯೊಂದಿಗೆ ತಾಳೆ ನೋಡಿ. ಕಡಿಮೆ ಕಂಡರೆ ಪಾವತಿ ವಿವರ ತೆರೆಯಿರಿ. ರಿಯಾಯಿತಿಯನ್ನು ತಾಣದವರೇ ಭರಿಸಿದ್ದರೆ ನಿಮ್ಮ ಲೆಕ್ಕಕ್ಕೆ ಪೂರ್ತಿ ಬೆಲೆಯೇ ಜಮೆಯಾಗಿರಬೇಕು.