ನೆಟ್ ಇಳಿಸಿದ ಮೇಲೆ

ಅಂಕಣಕ್ಕೆ ಬಂದ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ, ಎಲ್ಲರ ಬಾಯಲ್ಲಿ ಪಿಡಿ ಮೇಡಂ, ಮೊದಲು ಮಾಡಿದ ಕೆಲಸ ನೆಟ್ ಅಳೆದದ್ದು. ಕೈಯಲ್ಲೊಂದು ಮರದ ಕೋಲು, ಅದರ ಮೇಲೆ ಕೆಂಪು ಬಣ್ಣದ ಎರಡು ಗೆರೆ. ಮೇಲಿನದು 2.43 ಮೀಟರ್, ಹುಡುಗರಿಗೆ. ಕೆಳಗಿನದು 2.24, ಹುಡುಗಿಯರಿಗೆ. ಹಿಂದಿನ ಸಂಜೆ ಹುಡುಗರು ಆಡಿ ಹೋಗಿದ್ದರಿಂದ ನೆಟ್ ಮೇಲೆಯೇ ಇತ್ತು. ಇಬ್ಬರು ಹುಡುಗಿಯರು ಕಂಬದ ಹಗ್ಗ ಸಡಿಲಿಸಿ ಇಳಿಸಿದರು. ಮೇಡಂ ಕೋಲನ್ನು ನಡುವೆ ನಿಲ್ಲಿಸಿ ನೋಡಿದರು, ಆಮೇಲೆ ಎರಡೂ ತುದಿಗೆ ಹೋಗಿ ನೋಡಿದರು. ನಡುವೆ ಕರಾರುವಾಕ್ಕಾಗಿ 2.24 ಇರಬೇಕು, ತುದಿಯಲ್ಲಿ ಅದಕ್ಕಿಂತ ಎರಡು ಸೆಂಟಿಮೀಟರಿನ ಮೇಲೆ ಏರುವಂತಿಲ್ಲ. ‘ಇಳಿಸದೆ ಹಾಗೇ ಪ್ರಾಕ್ಟೀಸ್ ಮಾಡಿಸಿದರೆ ಹೊಡೆಯೋ ಹುಡುಗಿಯರ ಭುಜ ಹೋಗುತ್ತೆ’ ಎಂದರು.

ಹಲಸೂರು ಕೆರೆಯಿಂದ ಕೂಗಳತೆ ದೂರದ ಒಂದು ಮೈದಾನ ಅದು. ಅಂತರ ಕಾಲೇಜು ಮಹಿಳಾ ವಾಲಿಬಾಲ್ ಪಂದ್ಯಾವಳಿಗೆ ಇನ್ನು ಹತ್ತು ದಿನ. ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲಕ್ಕೆ ಸುಣ್ಣದ ಗೆರೆ ಹೊಸದಾಗಿ ಬಿದ್ದಿತ್ತು. ಮಣ್ಣಿನ ಅಂಕಣವಾದ್ದರಿಂದ ಎಲ್ಲರ ಮೊಣಕಾಲಿಗೂ ನೀಕ್ಯಾಪ್.

ನಾನು ನೋಡುತ್ತಾ ಕೂತದ್ದು ತಂಡದ ಬೂಸ್ಟರ್ ಹುಡುಗಿಯನ್ನು. ಪುಸ್ತಕದಲ್ಲಿ ಆಕೆ ಸೆಟ್ಟರ್, ನಮ್ಮ ಮೈದಾನಗಳಲ್ಲಿ ಬೂಸ್ಟರ್. ಚೆಂಡು ನೆಟ್ಟಿನ ಈಚೆ ಬಂದರೆ ಮೂರು ಮುಟ್ಟಿನೊಳಗೆ ಆಚೆ ಹೋಗಬೇಕು. ಮೊದಲ ಮುಟ್ಟು ಯಾರದಾದರೂ ಆಗಬಹುದು, ಮೂರನೆಯದು ಹೊಡೆಯುವವಳದು. ನಡುವಿನ ಮುಟ್ಟು ಇವಳದೇ. ಮೊದಲ ಪಾಸ್ ಎಷ್ಟೇ ಕೆಟ್ಟದಾಗಿ ಬರಲಿ, ಅದರ ಕೆಳಗೆ ಓಡಿಹೋಗಿ ನಿಂತು, ಹಣೆಯ ಮೇಲೆ ಹತ್ತೂ ಬೆರಳನ್ನು ಬಟ್ಟಲಿನಂತೆ ಹಿಡಿದು, ಸದ್ದಿಲ್ಲದೆ ಎತ್ತಿಬಿಡಬೇಕು. ಸದ್ದಾಯಿತೆಂದರೆ ಚೆಂಡು ಅಂಗೈಗೆ ಬಡಿಯಿತೆಂದೇ ಲೆಕ್ಕ. ಇನ್ನೂರ ಅರವತ್ತರಿಂದ ಇನ್ನೂರ ಎಂಬತ್ತು ಗ್ರಾಂ ತೂಗುವ ಚೆಂಡನ್ನು ಅವಳು ಸಂಜೆಗೆ ನೂರಾರು ಸಲ ಹೀಗೆ ಎತ್ತುತ್ತಾಳೆ. ಕಿರುಬೆರಳು, ಉಂಗುರದ ಬೆರಳು ಸೇರಿಸಿ ಬಿಳಿ ಟೇಪು ಸುತ್ತಿಕೊಂಡಿದ್ದಳು. ಸ್ಮ್ಯಾಶ್ ಬಿದ್ದಾಗ ಚಪ್ಪಾಳೆ ಹೊಡೆದವಳಿಗೆ ಸಿಗುತ್ತದೆ. ಹೊಡೆದವಳು ಮಾತ್ರ ಮೊದಲು ತಿರುಗಿ ನೋಡುವುದು ಬೂಸ್ಟರ್ ಕಡೆಗೆ.

ಬೂಸ್ಟರ್ ಹುಡುಗಿಯ ಊರು ಮಾಲೂರು ಕಡೆ. ಮಾರಿಕುಪ್ಪಂ, ಬಂಗಾರಪೇಟೆಯಿಂದ ಬರುವ ಪ್ಯಾಸೆಂಜರ್ ರೈಲು ಹತ್ತಿ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಕಾಲೇಜಿಗೆ ಬರುತ್ತಾಳೆ. ಬೆಂಗಳೂರಿನ ಪೂರ್ವದ ಕಾಲೇಜು ತಂಡಗಳಲ್ಲಿ ಇಂಥವರು ಪ್ರತಿ ವರ್ಷ ಇರುತ್ತಾರೆ. ಸಂಜೆಯ ಪ್ರಾಕ್ಟೀಸ್ ಎಷ್ಟು ಹೊತ್ತು ಎಂಬುದನ್ನು ಬೆಳಕಿಗಿಂತ ಹೆಚ್ಚಾಗಿ ರೈಲೇ ತೀರ್ಮಾನಿಸುತ್ತದೆ.

ಈ ಆಟ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲ್ಯೋಕ್ ಎಂಬ ಊರಿನ ವೈಎಂಸಿಎಯಲ್ಲಿ. ವಿಲಿಯಂ ಮಾರ್ಗನ್ ಇಟ್ಟ ಮೊದಲ ಹೆಸರು ಮಿಂಟೊನೆಟ್. ನಮ್ಮ ಕಡೆಗೂ ಅದು ವೈಎಂಸಿಎ ದಾರಿಯಲ್ಲೇ ಬಂತು. ಮದ್ರಾಸಿನಲ್ಲಿ ಎಚ್.ಸಿ. ಬಕ್ 1920ರಲ್ಲಿ ಶುರುಮಾಡಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಮೇಷ್ಟ್ರುಗಳು ದಕ್ಷಿಣದ ಶಾಲೆಗಳಿಗೆ ಇದನ್ನು ಕೊಂಡೊಯ್ದರು. ಕುಳ್ಳಗಿದ್ದವರಿಗೆ ಇದು ಆಟವಲ್ಲ ಎಂಬ ಮಾತು ಬಹಳ ಕಾಲ ಇತ್ತು. 1998ರಲ್ಲಿ ಲಿಬೆರೊ ಎಂಬ ಸ್ಥಾನ ಬಂದ ಮೇಲೆ ಆ ಮಾತು ಸುಳ್ಳಾಯಿತು. ಬೇರೆ ಬಣ್ಣದ ಜೆರ್ಸಿ ತೊಟ್ಟು ಹಿಂದಿನ ಸಾಲಿನಲ್ಲಷ್ಟೇ ಆಡುವ ಆ ಹುಡುಗಿಗೆ ಬೇಕಾದದ್ದು ಎತ್ತರವಲ್ಲ, ನೆಲಕ್ಕೆ ಬೀಳುವ ಧೈರ್ಯ.

ಇನ್ನು ಪಂದ್ಯಾವಳಿಯ ವಿಷಯ. ವಿಶ್ವವಿದ್ಯಾಲಯದ ಪರವಾಗಿ ಒಂದು ಕಾಲೇಜು ಅದನ್ನು ನಡೆಸಿಕೊಡುತ್ತದೆ. ಪ್ರಾಂಶುಪಾಲರ ಸಹಿ ಬಿದ್ದ ಎಲಿಜಿಬಿಲಿಟಿ ಫಾರಂ ಹಿಡಿದು ತಂಡಗಳು ಬರುತ್ತವೆ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಅದು ದಕ್ಷಿಣ ವಲಯದ ಅಂತರ ವಿ.ವಿ. ಪಂದ್ಯಾವಳಿಗೆ ಹೋಗುತ್ತದೆ, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ, ಅದರಾಚೆಗೆ ಖೇಲೋ ಇಂಡಿಯಾ ವಿ.ವಿ. ಕ್ರೀಡಾಕೂಟಕ್ಕೆ. 2022ರಲ್ಲಿ ಆ ಕೂಟ ಬೆಂಗಳೂರಿನಲ್ಲೇ, ಜೈನ್ ವಿ.ವಿ. ಆತಿಥ್ಯದಲ್ಲಿ ನಡೆಯಿತು.

ನನ್ನನ್ನು ಕಾಡುವುದು ಈ ಏಣಿಯ ಮೊದಲ ಮೆಟ್ಟಿಲು. ಸಾಮಾನ್ಯವಾಗಿ ಅದು ನಾಕೌಟ್, ಎರಡು ಮೂರು ದಿನಗಳ ಮಾತು. ಹದಿನಾರು ತಂಡ ಬಂದರೆ ಎಂಟು ತಂಡ ಮೊದಲ ಪಂದ್ಯಕ್ಕೇ ಮನೆಗೆ. ವರ್ಷವಿಡೀ ಬೆವರಿಳಿಸಿದ ಹುಡುಗಿಗೆ ಒಂದೇ ಒಂದು ಗಂಟೆಯ ಆಟ.

ಪಕ್ಕದ ಕಾಲೇಜಿನವರ ಜೊತೆ ಆಡಿಕೊಳ್ಳೋಣವೆಂದರೆ ನಕ್ಷೆ ಅಡ್ಡ ಬರುತ್ತದೆ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಶುರುವಾದ ಮೇಲೆ ಬಹಳ ವರ್ಷ ಇಲ್ಲಿನ ಪದವಿ ಕಾಲೇಜುಗಳೆಲ್ಲ ಒಂದೇ ಪಂದ್ಯಾವಳಿಯಲ್ಲಿ ಸೇರುತ್ತಿದ್ದವು. 2017ರಲ್ಲಿ ಆ ವಿ.ವಿ. ಮೂರು ಭಾಗವಾಯಿತು. ಕಂಟೋನ್ಮೆಂಟ್ ಕಡೆಯ ಬಹುಪಾಲು ಕಾಲೇಜುಗಳು ಸೆಂಟ್ರಲ್ ಕಾಲೇಜು ಆವರಣದ ವಿ.ವಿ.ಗೆ ಸೇರಿದವು, ಕೆ.ಆರ್. ಪುರದ್ದು ಕೋಲಾರದಲ್ಲಿರುವ ಬೆಂಗಳೂರು ಉತ್ತರ ವಿ.ವಿ.ಗೆ. ಹಳೇ ಮದ್ರಾಸ್ ರಸ್ತೆಯಲ್ಲಿ ಸುಮ್ಮನೆ ಹೋಗಿ ನೋಡಿ. ಕೆ.ಆರ್. ಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುಡುಗಿ ಕೋಲಾರದ ಲೆಕ್ಕಕ್ಕೆ ಆಡುತ್ತಾಳೆ. ಕೇಂಬ್ರಿಡ್ಜ್ ಎಂಜಿನಿಯರಿಂಗ್ ಕಾಲೇಜಿನವಳು ಬೆಳಗಾವಿಯ ವಿಟಿಯು ಲೆಕ್ಕಕ್ಕೆ. ಈಸ್ಟ್ ಪಾಯಿಂಟ್ ಆವರಣದಲ್ಲಂತೂ ಎಂಜಿನಿಯರಿಂಗಿನವಳಿಗೆ ವಿಟಿಯು, ವೈದ್ಯಕೀಯದವಳಿಗೆ ರಾಜೀವ್ ಗಾಂಧಿ ಆರೋಗ್ಯ ವಿ.ವಿ. ಗಾರ್ಡನ್ ಸಿಟಿಯೇ ಒಂದು ವಿಶ್ವವಿದ್ಯಾಲಯ. ಒಂದೇ ಬಸ್ ಸ್ಟಾಪಿನಲ್ಲಿ ಚೆಂಡಿನ ಚೀಲ ಹೊತ್ತು ನಿಲ್ಲುವ ಇವರು ಅಧಿಕೃತ ಪಂದ್ಯದಲ್ಲಿ ಎದುರಾಗಲು ಕಾಲೇಜು ತಂಡ ಬಿಟ್ಟು ವಿ.ವಿ. ತಂಡಕ್ಕೆ ಆಯ್ಕೆಯಾಗಬೇಕು.

ಅಮೆರಿಕದಲ್ಲಿ ಕಾಲೇಜುಗಳು ಕಾನ್ಫರೆನ್ಸ್ ಎಂಬ ಕೂಟ ಕಟ್ಟಿಕೊಂಡು ಋತುವಿಡೀ ತಮ್ಮತಮ್ಮಲ್ಲಿ ಆಡುತ್ತವೆ. ಇವತ್ತು ಸೋತವರಿಗೆ ಮುಂದಿನ ವಾರ ಇನ್ನೊಂದು ಪಂದ್ಯ ಇರುತ್ತದೆ. ಊರಿನವರಿಗೆ ತಂಡದ ಹುಡುಗಿಯರ ಹೆಸರು ಬಾಯಿಪಾಠವಾಗುವುದು ಹೀಗೆಯೇ. 2023ರ ಆಗಸ್ಟ್ 30ರಂದು ನೆಬ್ರಾಸ್ಕದ ಕಾಲೇಜು ಹುಡುಗಿಯರ ವಾಲಿಬಾಲ್ ನೋಡಲು 92,003 ಜನ ಸೇರಿದ್ದರು. ನಮಗೆ ಅಷ್ಟು ಜನ ಬೇಡ. ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರ, ಇಂದಿರಾನಗರ, ಹಲಸೂರು ದಾಟಿ ಎಂ.ಜಿ. ರಸ್ತೆಗೆ ಬರುವ ನೇರಳೆ ಮೆಟ್ರೊ 2023ರ ಅಕ್ಟೋಬರಿನಿಂದ ಎಲ್ಲೂ ತುಂಡಾಗದೆ ಓಡುತ್ತಿದೆ. ಆ ದಾರಿಯ ಆಸುಪಾಸಿನ ಎಂಟು ಕಾಲೇಜುಗಳು ಯಾವ ವಿ.ವಿ. ಎಂದು ಕೇಳದೆ ಶನಿವಾರಕ್ಕೊಂದು ಪಂದ್ಯ ಇಟ್ಟುಕೊಂಡರೆ ಪ್ರತಿ ತಂಡಕ್ಕೂ ಏಳು ಪಂದ್ಯ ಸಿಗುತ್ತದೆ. ಬೇಕಾದದ್ದು ಎಂಟು ಪಿಡಿಗಳ ಒಪ್ಪಿಗೆ, ಇಬ್ಬರು ಅಂಪೈರ್, ಮೆಟ್ರೊ ಟಿಕೆಟ್ಟಿನ ದುಡ್ಡು.

ಹತ್ತು ದಿನದ ನಂತರ ಪಿಡಿ ಮೇಡಂ ತಂಡದ ಪಂದ್ಯಕ್ಕೆ ಹೋಗಿದ್ದೆ. ಮೊದಲ ಸೆಟ್ ಗೆದ್ದರು, ಎರಡನೆಯದು ಕೈತಪ್ಪಿತು. ಮೂರನೆಯದರಲ್ಲಿ ಕೊನೆಯವರೆಗೂ ಜಿದ್ದಾಜಿದ್ದಿ. ಲಿಬೆರೊ ಹಾರಿ ಎತ್ತಿಕೊಟ್ಟ ಚೆಂಡನ್ನು ಬೂಸ್ಟರ್ ಹುಡುಗಿ ಬೆನ್ನ ಹಿಂದಕ್ಕೆ ಬಿಟ್ಟದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. ಆ ಪಾಯಿಂಟ್ ಅವರಿಗೇ ಬಂತು, ಪಂದ್ಯ ಬರಲಿಲ್ಲ.

ಬಾಳೆಹಣ್ಣು, ಬಿಸ್ಕತ್ತು ಹಂಚಿದರು. ಅವಳು ಟೇಪು ಬಿಚ್ಚಿ ಬೆರಳು ಮಡಿಸಿ ನೋಡಿಕೊಳ್ಳುತ್ತಿದ್ದಳು. ಮುಂದಿನ ಪಂದ್ಯ ಯಾವಾಗ ಎಂದು ಕೇಳಿದೆ. ‘ಮುಂದಿನ ವರ್ಷ’ ಎಂದಳು. ಗಂಟೆ ನೋಡಿ ಚೀಲ ಹೆಗಲಿಗೇರಿಸಿದಳು. ಆಗ ಹೊರಟರೆ ರೈಲು ಸಿಗುತ್ತಿತ್ತು.